ಗಾಜಿನ ಎಳೆಯ ಸರಳು ಬೆಂಕಿಗೆ ಉರಿಯದಿದ್ದರೂ ಸ್ಲ್ಯಾಬ್ ಏಕೆ ಸೋಲುತ್ತದೆ?

ಪ್ರಶ್ನೆ: ಕುಂದಾಪುರದ ಬಳಿ, ಕಡಲಿಗೆ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ನಮ್ಮ ಹಳೆಯ ತಾರಸಿ ಮನೆಯಿತ್ತು. ಕಬ್ಬಿಣ ತುಕ್ಕು ಹಿಡಿದು ಸ್ಲ್ಯಾಬಿನ ಅಡಿಯ ಕಾಂಕ್ರೀಟು ಹಕ್ಕಳೆಯೇಳುತ್ತಿದ್ದುದರಿಂದ ಅದನ್ನು ಕೆಡವಿಸಿದ್ದೇವೆ. ಈಗ ಕೆಳಗೆ ಬಾಡಿಗೆಗೊಂದು ಅಂಗಡಿ, ಮೇಲೆ ವಾಸದ ಮನೆ ಕಟ್ಟಿಸುವ ಯೋಚನೆಯಿದ್ದು, ಅಂಗಡಿಯನ್ನು ಪ್ಲೈವುಡ್ ವ್ಯಾಪಾರಿಯೊಬ್ಬರು ಕೇಳಿದ್ದಾರೆ. ತುಕ್ಕು ಹಿಡಿಯದ ಗ್ಲಾಸ್ ಫೈಬರ್ ಸರಳುಗಳನ್ನು ಮಾರುವವರು ಒಂದು ತುಂಡನ್ನು ಗ್ಯಾಸ್ ಒಲೆಯ ಮೇಲೆ ಹಿಡಿದು, ಎಳೆಗಳು ಹಾಗೆಯೇ ಉಳಿದುದನ್ನು ನಮಗೆ ತೋರಿಸಿದರು. ನಮ್ಮ ಇಂಜಿನಿಯರು ಮಾತ್ರ ‘ಬೆಂಕಿಯ ದೃಷ್ಟಿಯಿಂದ ಸ್ಲ್ಯಾಬಿಗೆ ಇದು ಬೇಡ’ ಎನ್ನುತ್ತಾರೆ. ಗಾಜು ಬೆಂಕಿಗೆ ಉರಿಯುವುದಿಲ್ಲವಲ್ಲ, ಇವರಲ್ಲಿ ಯಾರು ಸರಿ? ಕಾಂಕ್ರೀಟಿಗೆ ಫೈಬರ್ ಪ್ಯಾಕೆಟ್ ಬೆರೆಸಿದರೆ ಬೆಂಕಿಗೆ ರಕ್ಷಣೆ ಸಿಗುತ್ತದೆಯೇ? ನಮ್ಮ ಅಣ್ಣನ ಹಳೆಯ ಕಟ್ಟಡದ ಬೀಮಿಗೆ ಕಾರ್ಬನ್ ಪಟ್ಟಿ ಅಂಟಿಸಲು ಹೇಳಿದ್ದಾರೆ, ಅದಕ್ಕೂ ಇದೇ ಮಾತು ಅನ್ವಯಿಸುತ್ತದೆಯೇ?

ಉತ್ತರ: ನೀವು ವಿವರಿಸಿದ ಕಟ್ಟಡದ ಮಟ್ಟಿಗೆ, ಅಂದರೆ ಕೆಳಗೆ ಪ್ಲೈವುಡ್ ದಾಸ್ತಾನು, ಮೇಲೆ ಮಲಗುವ ಮನುಷ್ಯರು ಇರುವ ಸ್ಲ್ಯಾಬಿನ ಮಟ್ಟಿಗೆ, ನಿಮ್ಮ ಇಂಜಿನಿಯರು ಹೇಳಿದ್ದೇ ಸರಿ. ಮಾರಾಟಗಾರರು ತೋರಿಸಿದ್ದೂ ಸುಳ್ಳಲ್ಲ. ಗಾಜಿನ ಎಳೆ ಒಲೆಯ ಮೇಲೆ ಉರಿಯುವುದಿಲ್ಲ ಎಂಬುದನ್ನು ಅವರು ತೋರಿಸಿದ್ದಾರೆ, ಆದರೆ ಸ್ಲ್ಯಾಬು ನಿಲ್ಲುವುದೋ ಬೀಳುವುದೋ ಎಂಬುದನ್ನು ತೀರ್ಮಾನಿಸುವುದು ಎಳೆ ಉರಿಯುತ್ತದೆಯೇ ಎಂಬ ಪ್ರಶ್ನೆಯಲ್ಲ. ಒಲೆಯಿಂದ ತೆಗೆದ ಮೇಲೆ ಆ ತುಂಡು ಹೇಗೆ ಕಾಣುತ್ತಿತ್ತು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಅದು ಗಟ್ಟಿ ಸರಳಾಗಿ ಉಳಿದಿರಲಾರದು, ಬಿಡಿಬಿಡಿಯಾದ ಬಿಳಿಯ ಎಳೆಗಳ ಕಂತೆಯಾಗಿದ್ದಿರಬೇಕು. ಕಟ್ಟು ಬಿಚ್ಚಿದ ಹಿಡಿಸೂಡಿಯ ಪ್ರತಿಯೊಂದು ಕಡ್ಡಿಯೂ ಗಟ್ಟಿಯಾಗಿಯೇ ಇರುತ್ತದೆ, ಆದರೆ ಅದರಿಂದ ಅಂಗಳ ಗುಡಿಸಲಾಗದು. ಇಲ್ಲಿಯೂ ಬಿಚ್ಚಿಹೋದದ್ದು ಕಟ್ಟು, ಮತ್ತು ಈ ಸರಳಿನ ಬೆಂಕಿಯ ಕಥೆಯೆಲ್ಲ ಆ ಕಟ್ಟಿನದೇ.

ಗ್ಲಾಸ್ ಫೈಬರ್ ಸರಳು ಎಂದು ನಾವು ಕರೆಯುವುದು ವಾಸ್ತವದಲ್ಲಿ ಎರಡು ವಸ್ತುಗಳ ಜೋಡಿ. ಕೂದಲಿಗಿಂತ ತೆಳ್ಳಗಿನ ಸಾವಿರಾರು ಗಾಜಿನ ಎಳೆಗಳನ್ನು ದ್ರವರೂಪದ ರಾಳದಲ್ಲಿ ಅದ್ದಿ, ಬಿಸಿ ಅಚ್ಚಿನ ಮೂಲಕ ಎಳೆದು ಗಟ್ಟಿಯಾಗಿಸಿ, ಮೇಲ್ಮೈಗೆ ಏಣುಗಳನ್ನು ಮೂಡಿಸಿ ಅಥವಾ ಮರಳು ಅಂಟಿಸಿ ಅದನ್ನು ತಯಾರಿಸುತ್ತಾರೆ. ಒಳ್ಳೆಯ ಸರಳುಗಳಲ್ಲಿ ಈ ರಾಳ ಸಾಮಾನ್ಯವಾಗಿ ವಿನೈಲ್ ಎಸ್ಟರ್ ಆಗಿರುತ್ತದೆ, ಕೆಲವದರಲ್ಲಿ ಎಪಾಕ್ಸಿ. ತೂಕದಲ್ಲಿ ರಾಳದ ಪಾಲು ಚಿಕ್ಕದಾದರೂ ಅದರ ಹೊಣೆ ದೊಡ್ಡದು. ಒಂದು ಎಳೆಯ ಮೇಲೆ ಬಿದ್ದ ಎಳೆತವನ್ನು ಪಕ್ಕದ ಎಳೆಗಳಿಗೆ ಹಂಚುವುದೂ, ಸುತ್ತಲಿನ ಕಾಂಕ್ರೀಟಿನಿಂದ ಬಲವನ್ನು ಸರಳಿನ ಒಳಕ್ಕೆ ದಾಟಿಸುವುದೂ ರಾಳವೇ. ಕಾಂಕ್ರೀಟು ಹಿಡಿದುಕೊಳ್ಳುವ ಏಣುಗಳಾಗಲಿ ಮರಳಿನ ಪದರವಾಗಲಿ ಕುಳಿತಿರುವುದು ಗಾಜಿನ ಮೇಲಲ್ಲ, ರಾಳದ ಮೇಲೆ.

ಈ ಜಾತಿಯ ರಾಳಗಳಿಗೆಲ್ಲ ಒಂದು ಉಷ್ಣತೆಯ ಗಡಿಯಿದೆ. ಅದನ್ನು ದಾಟಿದೊಡನೆ ಅವು ಗಾಜಿನಂತಹ ಗಡಸುತನವನ್ನು ಕಳೆದುಕೊಂಡು ರಬ್ಬರಿನಂತೆ ಮೆತ್ತಗಾಗುತ್ತವೆ. ಕಾಂಕ್ರೀಟಿನೊಳಗೆ ಹಾಕುವ ಗ್ಲಾಸ್ ಫೈಬರ್ ಸರಳುಗಳಿಗೆ ಅಮೆರಿಕದ ಎಎಸ್‌ಟಿಎಂ ಮಾನಕ ಕೇಳುವುದು ಈ ಗಡಿ ಕನಿಷ್ಠ 100 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು. ಅದಕ್ಕಿಂತ ಒಂದಷ್ಟು ಮೇಲೆ ಗಡಿ ಇರುವ ಸರಳುಗಳೂ ಸಿಗುತ್ತವೆ, ಆದರೆ ಬೆಂಕಿಯ ಲೆಕ್ಕದಲ್ಲಿ ಆ ವ್ಯತ್ಯಾಸ ಹೇಳಿಕೊಳ್ಳುವಂಥದ್ದಲ್ಲ. ಇನ್ನೂ ಬಿಸಿಯೇರಿ 300ರಿಂದ 400 ಡಿಗ್ರಿಯ ಆಸುಪಾಸಿಗೆ ಬಂದರೆ ರಾಳ ಮೆತ್ತಗಾಗುವ ಹಂತವನ್ನು ಮೀರಿ ಒಡೆದು ಅನಿಲವಾಗಿ ಹೋಗುತ್ತದೆ. ಎಳೆಗಳ ಮಾತೇ ಬೇರೆ. ಗಾಜಿನ ಎಳೆ ತನ್ನ ಬಲದ ಅರ್ಧವನ್ನು ಕಳೆದುಕೊಳ್ಳಲು ಸುಮಾರು 550 ಡಿಗ್ರಿ ಬೇಕು. ಕಾರ್ಬನ್ ಎಳೆ ಗಾಳಿಯಿಲ್ಲದ ಕಡೆ 1000 ಡಿಗ್ರಿಗೂ ಜಗ್ಗದು, ಗಾಳಿ ತಗುಲಿದರೆ ಮಾತ್ರ ಅದಕ್ಕಿಂತ ಬಹಳ ಮೊದಲೇ ಸವೆಯತೊಡಗುತ್ತದೆ. ಅರಾಮಿಡ್ ಎಂಬ ಕೃತಕ ಎಳೆ ಬಿಸಿಗೆ ಇವೆಲ್ಲಕ್ಕಿಂತ ದುರ್ಬಲ. ಎಳೆಗಳನ್ನಷ್ಟೇ ನೋಡಿದರೆ ಗಾಜು ಕಬ್ಬಿಣಕ್ಕೆ ಸರಿಸಾಟಿ ಎಂದು ನಿಮಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಸರಳು ಮತ್ತು ಕಾಂಕ್ರೀಟಿನ ನಡುವಿನ ಹಿಡಿತ ಎಳೆಯ ಹಾದಿಯನ್ನು ಅನುಸರಿಸುವುದಿಲ್ಲ, ರಾಳದ ಹಾದಿಯನ್ನು ಅನುಸರಿಸುತ್ತದೆ. ಕಾಂಕ್ರೀಟಿನ ಅಚ್ಚಿನಲ್ಲಿ ಹೂತ ಸರಳನ್ನು ಬಿಸಿ ಮಾಡಿ ಎಳೆದು ನೋಡುವ ಪ್ರಯೋಗಗಳಲ್ಲಿ, 200ರಿಂದ 250 ಡಿಗ್ರಿ ತಲುಪುವಷ್ಟರಲ್ಲಿ ಹಿಡಿತದ ನೂರಕ್ಕೆ 80ರಿಂದ 90 ಭಾಗ ಹೋಗಿಬಿಟ್ಟಿರುವುದು ಕಂಡುಬಂದಿದೆ. ಆ ಹೊತ್ತಿಗೆ ಒಳಗಿನ ಗಾಜು ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ, ಅದನ್ನು ಹಿಡಿದುಕೊಂಡವರು ಮಾತ್ರ ಯಾರೂ ಇರುವುದಿಲ್ಲ. ಕಬ್ಬಿಣದ ಸರಳಿನಲ್ಲಿ ಏಣುಗಳೂ ಕಬ್ಬಿಣವೇ ಆದ್ದರಿಂದ ಈ ಬಗೆಯ ಸೋಲಿಗೆ ಅಲ್ಲಿ ಎಡೆಯಿಲ್ಲ. ಅದು ಸೋಲುವುದು ತನ್ನ ಬಲ ಕುಂದಿದಾಗ. ಕಬ್ಬಿಣ ಸುಮಾರು 400 ಡಿಗ್ರಿಯವರೆಗೆ ಹೆಚ್ಚು ನಷ್ಟವಿಲ್ಲದೆ ನಿಂತು, 600ರ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ. ಬೆಂಕಿಯ ಸಮಯದಲ್ಲಿ ಸ್ಲ್ಯಾಬಿನ ಮೇಲಿರುವ ನಿಜವಾದ ಭಾರ ಅದರ ಅಂತಿಮ ಸಾಮರ್ಥ್ಯದ ಅರ್ಧದ ಆಸುಪಾಸಿನಲ್ಲಿರುವುದರಿಂದ, ಕಬ್ಬಿಣ 500 ಡಿಗ್ರಿ ದಾಟಿ 550-600ಕ್ಕೆ ಬಂದಾಗಲಷ್ಟೇ ಕುಸಿತದ ಪ್ರಶ್ನೆ ಎದ್ದು ನಿಲ್ಲುತ್ತದೆ.

ಈಗ ಈ ಅಂಕಿಗಳನ್ನು ನಿಮ್ಮ ಅಂಗಡಿಯೊಳಗೆ ತಂದಿಡೋಣ. ಕಟ್ಟಡದ ಭಾಗಗಳನ್ನು ಪರೀಕ್ಷಿಸುವ ಕುಲುಮೆಯನ್ನು ಐಎಸ್‌ಒ 834 ಎಂಬ ನಿಗದಿತ ರೇಖೆಯಂತೆ ಬಿಸಿ ಮಾಡುತ್ತಾರೆ. ಅದರ ಪ್ರಕಾರ ಐದೇ ನಿಮಿಷಕ್ಕೆ 576 ಡಿಗ್ರಿ, ಅರ್ಧ ಗಂಟೆಗೆ 842, ಒಂದು ಗಂಟೆಗೆ 945, ಎರಡು ಗಂಟೆಗೆ 1049 ಡಿಗ್ರಿ. ಒಣಗಿದ ಪ್ಲೈವುಡ್ ಹಾಳೆಗಳನ್ನು ನಿಲ್ಲಿಸಿಟ್ಟ ಕೋಣೆ ಈ ರೇಖೆಗೆ ಹಿಂದೆ ಬೀಳುವಂಥದ್ದಲ್ಲ. ಕಾಂಕ್ರೀಟು ಉಷ್ಣವನ್ನು ನಿಧಾನವಾಗಿ ಒಳಕ್ಕೆ ಬಿಡುತ್ತದೆ ಎಂಬುದೊಂದೇ ನಮ್ಮ ಅದೃಷ್ಟ. ಹಾಗಿದ್ದರೂ, ಕೆಳಗಿನಿಂದ ಬಿಸಿಯಾಗುವ ಸ್ಲ್ಯಾಬಿನಲ್ಲಿ ಅಡಿಯಿಂದ 20 ಮಿಲಿಮೀಟರ್ ಒಳಗೆ ಒಂದು ಗಂಟೆಯ ಹೊತ್ತಿಗೆ ಉಷ್ಣತೆ ಸುಮಾರು 500 ಡಿಗ್ರಿಗೆ ಬರುತ್ತದೆ. ಕಾಂಕ್ರೀಟು ಕಟ್ಟಡಗಳ ಭಾರತೀಯ ಕೋಡ್ ಆದ ಐಎಸ್ 456ರ 16ಎ ಕೋಷ್ಟಕವನ್ನು ನಿಮ್ಮ ಇಂಜಿನಿಯರರ ಬಳಿ ಕೇಳಿ ನೋಡಿದರೆ, ಒಂದು ಗಂಟೆಯ ಬೆಂಕಿಗೆ ಸ್ಲ್ಯಾಬಿಗೆ 20 ಮಿಮೀ ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಸಾಕೆಂದೂ, ಎರಡೂ ತುದಿಗಳಲ್ಲಿ ಸುಮ್ಮನೆ ಕುಳಿತ ಸ್ಲ್ಯಾಬಿಗೆ ಎರಡು ಗಂಟೆಯಾದರೆ 35 ಮಿಮೀ ಬೇಕೆಂದೂ ಇರುತ್ತದೆ. ಈ ಸಂಖ್ಯೆಗಳು ಕಬ್ಬಿಣದ ಸ್ವಭಾವವನ್ನು ನೋಡಿ ಹಾಕಿದವು, ಕಬ್ಬಿಣ ತನ್ನ ಗಡಿಯನ್ನು ಮುಟ್ಟುವುದನ್ನು ಅಷ್ಟು ಹೊತ್ತು ಮುಂದೂಡುವುದಷ್ಟೇ ಅವುಗಳ ಉದ್ದೇಶ. ಅದೇ 20 ಮಿಮೀ ಆಳದಲ್ಲಿ 100 ಡಿಗ್ರಿಯನ್ನು ಮುಟ್ಟಲು ಗಂಟೆ ಬೇಕಿಲ್ಲ, ಹೆಚ್ಚೆಂದರೆ ಕಾಲು ಗಂಟೆ ಸಾಕು. ಕಬ್ಬಿಣವನ್ನು ತೆಗೆದು ಅದೇ ಜಾಗದಲ್ಲಿ ಅದೇ ಕವರ್ ಬ್ಲಾಕಿನ ಮೇಲೆ ಗ್ಲಾಸ್ ಫೈಬರ್ ಸರಳನ್ನು ಇಟ್ಟು, ‘ಕೋಡ್ ಪ್ರಕಾರವೇ ಇದೆ’ ಎಂದು ಯಾರಾದರೂ ಹೇಳಿದರೆ ಅವರು ಕೋಡನ್ನು ಓದಿದ್ದಾರೆ, ಆದರೆ ಅದು ಯಾವ ವಸ್ತುವಿಗೆ ಬರೆದದ್ದು ಎಂಬುದನ್ನು ಓದಿಲ್ಲ.

ಇದರ ಜೊತೆಗೆ ಮಾರಾಟದ ಕೈಪಿಡಿಗಳಲ್ಲಿ ಕಾಣದ ಇನ್ನೊಂದು ಸಂಗತಿಯಿದೆ. ಗ್ಲಾಸ್ ಫೈಬರ್ ಸರಳು ಉದ್ದಕ್ಕೆ ಹಿಗ್ಗುವುದು ಹೆಚ್ಚುಕಡಿಮೆ ಕಾಂಕ್ರೀಟಿನಷ್ಟೇ, ಆದರೆ ಅಡ್ಡಕ್ಕೆ ಹಿಗ್ಗುವುದು ಅದರ ಎರಡು ಪಾಲು, ಏಕೆಂದರೆ ಅಡ್ಡ ದಿಕ್ಕಿನಲ್ಲಿ ನಡೆಯುವುದು ರಾಳದ ಕಾರುಬಾರು. ಬಿಸಿಯಾದ ಸರಳು ಹೀಗೆ ಒಳಗಿನಿಂದ ಕಾಂಕ್ರೀಟನ್ನು ಸೀಳಲು ನೋಡುತ್ತದೆ, ಕವರ್ ತೆಳುವಾಗಿದ್ದರೆ ಸರಳಿನ ಉದ್ದಕ್ಕೂ ಬಿರುಕು ಮೂಡುತ್ತದೆ, ಆ ಬಿರುಕು ಉಷ್ಣಕ್ಕೆ ದಾರಿಯನ್ನು ಇನ್ನಷ್ಟು ಸಲೀಸು ಮಾಡುತ್ತದೆ.

ಇಷ್ಟನ್ನು ಓದಿ, ಹಾಗಾದರೆ ಇಂತಹ ಸ್ಲ್ಯಾಬು ಕಾಲು ಗಂಟೆಯಲ್ಲಿ ಬಿದ್ದೇಬಿಡುತ್ತದೆ ಎಂದುಕೊಂಡರೆ ಅದೂ ತಪ್ಪಾಗುತ್ತದೆ. ಈ ವಿಷಯದ ಅತ್ಯಂತ ಸ್ವಾರಸ್ಯಕರ ಭಾಗ ಇರುವುದು ಇಲ್ಲಿಯೇ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಕುಲುಮೆಯಲ್ಲಿ 60 ಮಿಮೀ ಕವರ್ ಇಟ್ಟು ಎರಕ ಹೊಯ್ದ ಗ್ಲಾಸ್ ಫೈಬರ್ ಸರಳಿನ ಸ್ಲ್ಯಾಬುಗಳು ಭಾರವನ್ನು ಹೊತ್ತುಕೊಂಡೇ ಮೂರು ಗಂಟೆ ನಿಂತಿವೆ. ಇಟಲಿಯ ನೇಪಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದ ಸ್ಲ್ಯಾಬುಗಳಲ್ಲಿ ಕವರ್ 32 ಮತ್ತು 51 ಮಿಮೀ ಇತ್ತು, ಅವುಗಳಲ್ಲಿಯೂ ಸರಳಿನ ಉಷ್ಣತೆ ರಾಳದ ಗಡಿಯನ್ನು ಎಂದೋ ದಾಟಿದ ಮೇಲೆ ಬಹಳ ಹೊತ್ತು ನಿಂತವು ಇದ್ದವು. ಹಿಡಿತ ಹೋದ ಮೇಲೂ ಅವು ನಿಂತದ್ದು ಹೇಗೆ?

ನಮ್ಮ ಮಲೆನಾಡಿನ ಹೊಳೆಗಳಿಗೆ ಅಡ್ಡಲಾಗಿ ಕಟ್ಟಿದ ತೂಗುಸೇತುವೆಗಳನ್ನು ನೀವು ನೋಡಿರುತ್ತೀರಿ. ನಡುಹೊಳೆಯಲ್ಲಿ ಅದರ ಉಕ್ಕಿನ ಹಗ್ಗವನ್ನು ಯಾರೂ ಹಿಡಿದುಕೊಂಡಿಲ್ಲ, ಎರಡೂ ದಡಗಳಲ್ಲಿ ಅದನ್ನು ಭದ್ರವಾಗಿ ಹೂತಿರುವುದರಿಂದಲೇ ನಡುವಿನ ಹಲಗೆಗಳು ನಮ್ಮನ್ನು ಹೊರುತ್ತವೆ. ಆ ಪರೀಕ್ಷೆಗಳಲ್ಲಿಯೂ ಆದದ್ದು ಇದೇ. ಸ್ಲ್ಯಾಬಿನ ಎರಡು ತುದಿಗಳು ಕುಲುಮೆಯ ಗೋಡೆಯ ಮೇಲೆ, ಬೆಂಕಿಯಿಂದ ಹೊರಗೆ, ತಣ್ಣಗಿದ್ದವು. ನಡುವಿನಲ್ಲಿ ರಾಳ ಮೆತ್ತಗಾಗಿ ಹಿಡಿತ ಹೋದರೂ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತುಂಡಾಗದೆ ಸಾಗಿದ ಎಳೆಗಳು ಆ ತಣ್ಣನೆಯ ತುದಿಗಳಲ್ಲಿ ಸಿಕ್ಕಿಕೊಂಡು ಹಗ್ಗದಂತೆ ಭಾರವನ್ನು ಎಳೆದು ಹಿಡಿದವು. ಸ್ಲ್ಯಾಬು ಜೋತುಬಿತ್ತು, ಬಿರುಕುಗಳು ಅಗಲವಾದವು, ಆದರೆ ಬೀಳಲಿಲ್ಲ. ನೇಪಲ್ಸಿನ ಪರೀಕ್ಷೆಗಳಲ್ಲಿ ತುದಿಯ ತಣ್ಣನೆಯ ಭಾಗ ಗಿಡ್ಡವಾಗಿದ್ದು ಸರಳು ನೇರವಾಗಿದ್ದ ಕಡೆ ಸೋಲು ಬಂದದ್ದು ಸರಳು ಜಾರಿದ್ದರಿಂದ, ಆ ಭಾಗ ಉದ್ದವಾಗಿದ್ದ ಅಥವಾ ಸರಳಿನ ತುದಿ ಬಾಗಿದ್ದ ಕಡೆ ನಿಲುವು ದೀರ್ಘವಾಗಿತ್ತು. ಆದ್ದರಿಂದ ಇಂತಹ ಸ್ಲ್ಯಾಬಿನ ನಕ್ಷೆ ನನ್ನ ಮುಂದೆ ಬಂದರೆ ನಾನು ಮೊದಲು ನೋಡುವುದು ಸರಳಿನ ದಪ್ಪವನ್ನಲ್ಲ. ಬೆಂಕಿ ಬಿದ್ದಾಗ ಸರಳಿನ ಯಾವ ಭಾಗ ತಣ್ಣಗಿರುತ್ತದೆ, ಅಲ್ಲಿ ಅದು ಎಷ್ಟು ಉದ್ದ ಹೂತುಕೊಂಡಿದೆ ಎಂಬುದನ್ನು.

ನಿಮ್ಮ ಕಟ್ಟಡದಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುವುದಿಲ್ಲ. ಅಂಗಡಿಯ ಮೇಲಿನ ಸ್ಲ್ಯಾಬಿನ ಅಡಿಭಾಗವೆಲ್ಲ ಒಟ್ಟಿಗೆ ಬಿಸಿಯಾಗುತ್ತದೆ. ಅದರ ತುದಿಗಳು ಕುಳಿತಿರುವುದು 200 ಅಥವಾ 230 ಮಿಮೀ ಅಗಲದ ಬೀಮುಗಳ ಮೇಲೆ, ಮತ್ತು ಅಂಗಡಿಯ ನಡುವೆ ಹಾದುಹೋಗುವ ಬೀಮು ತಾನೇ ಮೂರು ಕಡೆಗಳಿಂದ ಬಿಸಿಯಾಗುತ್ತಿರುತ್ತದೆ. ಬೀಮಿನ ಕೆಳಮೂಲೆಯಲ್ಲಿರುವ ಸರಳಿಗೆ ಎರಡು ಬದಿಗಳಿಂದ ಉಷ್ಣ ಬರುವುದರಿಂದ ಅದೇ ಆಳದಲ್ಲಿರುವ ಸ್ಲ್ಯಾಬಿನ ಸರಳಿಗಿಂತ ಅದು ಬೇಗ ಬಿಸಿಯಾಗುತ್ತದೆ, ಸರಳುಗಳನ್ನು ಸುತ್ತುವರಿದು ಅವುಗಳಿಗಿಂತಲೂ ಹೊರಗಿರುವ ರಿಂಗುಗಳ ಪಾಡು ಇನ್ನೂ ಕಷ್ಟ. ಕೊಕ್ಕೆ ಹಾಕಿ ತುದಿಯನ್ನು ಭದ್ರಪಡಿಸೋಣವೆಂದರೆ, ಈ ಸರಳುಗಳನ್ನು ನಮ್ಮ ಬಾರ್ ಬೆಂಡರುಗಳು ಸೈಟಿನಲ್ಲಿ ಬಗ್ಗಿಸುವಂತಿಲ್ಲ. ಕಾರ್ಖಾನೆಯಲ್ಲೇ ಬಗ್ಗಿಸಿ ತರಿಸಬೇಕು, ಹಾಗೆ ಬಗ್ಗಿದ ಜಾಗದಲ್ಲಿ ಬಲ ಹತ್ತಿರಹತ್ತಿರ ಅರ್ಧಕ್ಕೆ ಇಳಿದಿರುತ್ತದೆ. ಇನ್ನು ಲ್ಯಾಪ್. ಎರಡು ಸರಳುಗಳನ್ನು ಒಂದರ ಪಕ್ಕ ಒಂದಿಟ್ಟು ತಂತಿಯಿಂದ ಕಟ್ಟುವಲ್ಲಿ ಬಲ ಒಂದರಿಂದ ಇನ್ನೊಂದಕ್ಕೆ ದಾಟುವುದು ಸುತ್ತಲಿನ ಕಾಂಕ್ರೀಟಿನ ಹಿಡಿತದ ಮೂಲಕವೇ. ಬೆಂಕಿಯ ಮೇಲೆ ಬರುವ ಅಂತಹ ಒಂದು ಲ್ಯಾಪ್ ಇಡೀ ಹಗ್ಗವನ್ನು ನಡುವೆ ಕತ್ತರಿಸಿದಂತೆ. ಸಣ್ಣ ವ್ಯಾಸದ ಸರಳುಗಳು ಸುರುಳಿಯಾಗಿ ಸಿಗುವುದರಿಂದ ಲ್ಯಾಪ್ ಇಲ್ಲದೆ ಉದ್ದಕ್ಕೆ ಹಾಕಬಹುದೆಂಬುದು ನಿಜ, ಮತ್ತು ಅದು ಈ ವಸ್ತುವಿನ ಪರವಾಗಿ ಹೇಳಬೇಕಾದ ಮಾತು, ಆದರೆ ಕೆಲಸ ನಡೆಯುವಾಗ ಉಳಿದ ತುಂಡುಗಳನ್ನು ಜೋಡಿಸದೆ ಇರುವ ಸೈಟನ್ನು ನಾನು ಇನ್ನೂ ಕಂಡಿಲ್ಲ.

ಹಾಗಾದರೆ ಕೆನಡಾದವರಂತೆ 60 ಮಿಮೀ ಕವರ್ ಕೊಟ್ಟುಬಿಡೋಣ ಎಂದು ನೀವು ಕೇಳಬಹುದು. ಮನೆಯ ಸ್ಲ್ಯಾಬು ಸಾಮಾನ್ಯವಾಗಿ 125 ಮಿಮೀ ದಪ್ಪ. ಅದರಲ್ಲಿ 60 ಕವರಿಗೆ ಹೋಗಿ, ಸರಳಿನ ಅರ್ಧ ವ್ಯಾಸವೂ ಹೋದರೆ ಕೆಲಸಕ್ಕೆ ಉಳಿಯುವ ಆಳ 60 ಮಿಮೀ, 20 ಮಿಮೀ ಕವರಿನಲ್ಲಿ ಅದು 100 ಇರುತ್ತಿತ್ತು. ಬಿರುಕುಬಿಟ್ಟ ಸ್ಲ್ಯಾಬಿನ ಬಿಗಿತ, ಅಂದರೆ ಬಾಗದೆ ನಿಲ್ಲುವ ಗುಣ, ಸ್ಥೂಲವಾಗಿ ಈ ಆಳದ ವರ್ಗವನ್ನು ಅನುಸರಿಸುವುದರಿಂದ ಅದು ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಇದರ ಮೇಲೆ ಗ್ಲಾಸ್ ಫೈಬರ್ ಸರಳಿನ ಬಿಗಿತವೇ ಕಬ್ಬಿಣದ ಕಾಲು ಭಾಗ. ಕಬ್ಬಿಣಕ್ಕೆ 200 ಗಿಗಾಪ್ಯಾಸ್ಕಲ್ ಇದ್ದರೆ ಇದಕ್ಕೆ 40ರಿಂದ 60. ಎರಡನ್ನೂ ಗುಣಿಸಿದರೆ, ಅಷ್ಟೇ ಸರಳು ಹಾಕಿದ ಸ್ಲ್ಯಾಬಿನ ಬಿಗಿತ ಕಬ್ಬಿಣದ ಸ್ಲ್ಯಾಬಿನ ಸುಮಾರು ಹತ್ತರಲ್ಲಿ ಒಂದು ಪಾಲು. ಬೆಂಕಿ ಎಂದಾದರೂ ಬೀಳಬಹುದು, ಬೀಳದೆಯೂ ಇರಬಹುದು, ಆದರೆ ಅಂತಹ ಸ್ಲ್ಯಾಬು ದಿನವೂ ಬಾಗುತ್ತದೆ, ಮೇಲಿನ ಟೈಲ್ಸು ಬಿರುಕು ಬಿಡುತ್ತದೆ. ಅದನ್ನು ತಡೆಯಲು ದಪ್ಪವನ್ನು 200 ಮಿಮೀ ಕಡೆಗೆ ಒಯ್ಯಬೇಕಾಗುತ್ತದೆ, ಅದರ ತೂಕ ಬೀಮು, ಕಂಬ, ಪಾಯಗಳವರೆಗೂ ಇಳಿಯುತ್ತದೆ, ಸರಳಿನಲ್ಲಿ ಉಳಿಸಿದ ಹಣ ಕಾಂಕ್ರೀಟಿಗೆ ಹೋಗುತ್ತದೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಬೆಂಕಿಗಾಗಿ ಬೇಕಾಗುವ ಕವರ್ ಸ್ಲ್ಯಾಬಿನಲ್ಲಿ 35 ಮಿಮೀ, ಬೀಮಿನಲ್ಲಿ 40 ಮಿಮೀ ಮೀರಿದರೆ ಕಾಂಕ್ರೀಟು ಸಿಡಿದು ಉದುರದಂತೆ ಬೆಂಕಿ ನಿರೋಧಕ ಲೇಪ ಅಥವಾ ಫಾಲ್ಸ್ ಸೀಲಿಂಗಿನಂತಹ ಹೆಚ್ಚುವರಿ ಕ್ರಮ ಬೇಕೆಂದು ಐಎಸ್ 456 ಹೇಳುತ್ತದೆ. ಸರಳಿಲ್ಲದ ದಪ್ಪ ಕವರ್ ತನ್ನನ್ನು ತಾನೇ ಹಿಡಿದುಕೊಳ್ಳಲಾರದು ಎಂಬ ಅನುಭವ ಅದರ ಹಿಂದಿದೆ.

ಮಾನಕಗಳ ವಿಷಯದಲ್ಲಿ ಒಂದು ಗೊಂದಲ ಬೇಡ. ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಗ್ಲಾಸ್ ಫೈಬರ್ ಸರಳುಗಳಿಗೆ ಐಎಸ್ 18256 ಎಂಬ ಮಾನಕವನ್ನು ಹೊರತಂದಿದ್ದು, ಮಾರಾಟಗಾರರು ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ತೋರಿಸಲಿ, ಅದು ಒಳ್ಳೆಯದೇ, ಕಳಪೆ ಸರಳುಗಳಿಂದ ಅದು ನಿಮ್ಮನ್ನು ಕಾಯುತ್ತದೆ. ಆದರೆ ಅದು ಸರಳಿನ ಗುಣಮಟ್ಟದ ಮಾನಕವೇ ಹೊರತು ಆ ಸರಳಿನ ಸ್ಲ್ಯಾಬು ಬೆಂಕಿಯಲ್ಲಿ ಇಷ್ಟು ಗಂಟೆ ನಿಲ್ಲುತ್ತದೆಂಬ ಭರವಸೆಯಲ್ಲ. ಈ ಕ್ಷೇತ್ರದಲ್ಲಿ ಬಹುಕಾಲದಿಂದ ಜಗತ್ತು ನೋಡುತ್ತ ಬಂದಿರುವ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ 440.1ಆರ್ ಮಾರ್ಗದರ್ಶಿ, ಕಟ್ಟಡದ ಭದ್ರತೆಗೆ ಬೆಂಕಿ ನಿರೋಧ ಅತ್ಯಗತ್ಯವಾದ ಕಡೆ ಈ ಸರಳುಗಳನ್ನು ಶಿಫಾರಸು ಮಾಡುವುದಿಲ್ಲವೆಂದು ನೇರವಾಗಿಯೇ ಹೇಳಿತ್ತು. ಮಾರಾಟಗಾರರು ಇನ್ನೂ ಒತ್ತಾಯಿಸಿದರೆ ಒಂದೇ ಒಂದು ಕಾಗದವನ್ನು ಕೇಳಿ: ನಿಮ್ಮ ಸ್ಲ್ಯಾಬಿನಷ್ಟೇ ದಪ್ಪ, ನಿಮ್ಮಷ್ಟೇ ಕವರ್, ನಿಮ್ಮಂತಹ ತುದಿಗಳಿರುವ ಸ್ಲ್ಯಾಬನ್ನು ಭಾರ ಹೇರಿ, ಬೆಂಕಿ ನಿರೋಧ ಪರೀಕ್ಷೆಯ ಭಾರತೀಯ ಮಾನಕವಾದ ಐಎಸ್ 3809ರಂತೆ ಕುಲುಮೆಯಲ್ಲಿ ಪರೀಕ್ಷಿಸಿದ ವರದಿ. ಬರಿಯ ಸರಳನ್ನು ಬಿಸಿ ಮಾಡಿದ ವರದಿ ಬೇಡ.

ಕಾಂಕ್ರೀಟಿಗೆ ಬೆರೆಸುವ ಫೈಬರ್ ಪ್ಯಾಕೆಟ್ಟಿನ ವಿಚಾರ ಬೇರೆಯೇ, ಹೆಸರೊಂದೇ ಆದ್ದರಿಂದ ಜನ ಎರಡನ್ನೂ ಒಂದೆಂದು ತಿಳಿಯುತ್ತಾರೆ. ಆ ಪ್ಯಾಕೆಟ್ಟಿನಲ್ಲಿರುವುದು ಬಹುತೇಕ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಸಣ್ಣ ಎಳೆ. ಅದು ಸುಮಾರು 160-165 ಡಿಗ್ರಿಯಲ್ಲಿ ಕರಗಿಹೋಗುತ್ತದೆ, ಮತ್ತು ಅದರ ಉಪಕಾರವಿರುವುದೇ ಆ ಕರಗುವಿಕೆಯಲ್ಲಿ. ದಟ್ಟವಾದ ಹೆಚ್ಚು ಬಲದ ಕಾಂಕ್ರೀಟು ಬೆಂಕಿಗೆ ಸಿಕ್ಕಾಗ ಒಳಗಿನ ನೀರು ಹಬೆಯಾಗಿ, ಹೊರಬರಲು ದಾರಿಯಿಲ್ಲದೆ ಪದರಪದರವಾಗಿ ಕಾಂಕ್ರೀಟನ್ನು ಸಿಡಿಸುತ್ತದೆ. ಕರಗಿದ ಎಳೆಗಳ ಜಾಗ ಹಬೆಗೆ ಕಿಂಡಿಯಾಗುತ್ತದೆ. 1996ರ ನವೆಂಬರಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸನ್ನು ಜೋಡಿಸುವ ಚಾನೆಲ್ ಸುರಂಗದಲ್ಲಿ ಲಾರಿಗಳನ್ನು ಹೊತ್ತ ರೈಲಿಗೆ ಬೆಂಕಿ ಬಿದ್ದಾಗ ಸುರಂಗದ ಕಾಂಕ್ರೀಟು ಒಳಕವಚ ಹೀಗೆಯೇ ಸಿಡಿದು, ಕೆಲವೆಡೆ ದಪ್ಪದ ಬಹುಪಾಲು ಉದುರಿಹೋಗಿತ್ತು. ಯುರೋಪಿನ ಮಾನಕ ಅತಿ ಬಲದ ಕಾಂಕ್ರೀಟಿಗೆ ಘನ ಮೀಟರಿಗೆ 2 ಕಿಲೋಗ್ರಾಮಿಗಿಂತ ಹೆಚ್ಚು ಈ ಎಳೆಗಳನ್ನು ಬೆರೆಸುವುದನ್ನು ಒಂದು ಪರಿಹಾರವಾಗಿ ಸೂಚಿಸುತ್ತದೆ. ನಿಮ್ಮ ಮನೆಗೆ ಬಳಸುವ ಎಂ25 ಅಥವಾ ಎಂ30 ದರ್ಜೆಯ ಸಾಧಾರಣ ಬಲದ ಕಾಂಕ್ರೀಟಿಗೆ ಆ ಮಟ್ಟದ ಸಿಡಿತದ ಭಯ ಕಡಿಮೆ. ಪ್ಯಾಕೆಟ್ ಬೆರೆಸಿದರೆ ಹಸಿ ಕಾಂಕ್ರೀಟು ಒಣಗುವಾಗಿನ ಕೂದಲು ಬಿರುಕು ತಗ್ಗುತ್ತದೆ, ಆದರೆ ಸರಳಿನ ರಾಳ ಮೆತ್ತಗಾಗುವುದನ್ನು ಅದು ತಡೆಯಲಾರದು.

ಅಣ್ಣನವರ ಬೀಮಿನ ವಿಷಯಕ್ಕೆ ಬಂದರೆ, ಅಲ್ಲಿ ಸಮಸ್ಯೆ ಇನ್ನೂ ಹೊರಮೈಯಲ್ಲಿದೆ. ಕಾರ್ಬನ್ ಪಟ್ಟಿಯನ್ನು ಅಂಟಿಸುವ ಎಪಾಕ್ಸಿ ಸೈಟಿನಲ್ಲೇ, ಸಾಮಾನ್ಯ ಹವೆಯಲ್ಲೇ ಗಟ್ಟಿಯಾಗುವಂಥದ್ದು, ಅದು ಮೆತ್ತಗಾಗುವ ಗಡಿ ಹೆಚ್ಚಾಗಿ 60ರಿಂದ 80 ಡಿಗ್ರಿ ಮಾತ್ರ. ಅದನ್ನು ಮುಚ್ಚಲು ಕಾಂಕ್ರೀಟಿನ ಕವರ್ ಕೂಡ ಇಲ್ಲ. ಬೆಂಕಿ ಬಿದ್ದ ಮೊದಲ ಕೆಲವೇ ನಿಮಿಷಗಳಲ್ಲಿ ಆ ಪಟ್ಟಿ ಲೆಕ್ಕಕ್ಕಿಲ್ಲವೆಂದೇ ತಿಳಿಯಬೇಕು. ಹಾಗೆಂದು ಆ ವಿಧಾನವನ್ನೇ ತಳ್ಳಿಹಾಕಬೇಕಿಲ್ಲ, ಏಕೆಂದರೆ ಅಲ್ಲಿ ಹಳೆಯ ಬೀಮು ತನ್ನ ಕಬ್ಬಿಣದೊಡನೆ ಒಳಗೆ ಇದ್ದೇ ಇದೆ. ಬಲ್ಲವರು ಪಾಲಿಸುವ ನಿಯಮವೇನೆಂದರೆ, ಪಟ್ಟಿ ಪೂರ್ತಿ ಕಳಚಿಹೋಯಿತೆಂದು ಭಾವಿಸಿ, ಬೆಂಕಿಯಿಂದ ಬಿಸಿಯಾಗಿ ಕುಗ್ಗಿದ ಹಳೆಯ ಬೀಮೊಂದೇ ಅಂದಿನ ನಿಜವಾದ ಭಾರವನ್ನು ಹೊರಬಲ್ಲದೇ ಎಂದು ಲೆಕ್ಕ ಹಾಕುವುದು. ಹೊರಬಲ್ಲದಾದರೆ ಪಟ್ಟಿ ಹೆಚ್ಚುವರಿ ಬಲಕ್ಕಾಗಿ ಇರಲಿ. ಹೊರಲಾರದೆಂದಾದರೆ, ಅಂದರೆ ಬೀಮಿನ ಕಬ್ಬಿಣ ತುಕ್ಕಿಗೆ ಅಷ್ಟು ಕರಗಿದ್ದರೆ, ಪಟ್ಟಿ ಬೇಡ, ಉಕ್ಕಿನ ಆಧಾರವನ್ನೋ ಹೊಸ ಕಬ್ಬಿಣದ ಕಾಂಕ್ರೀಟು ಕವಚವನ್ನೋ ಯೋಚಿಸಬೇಕು. ಪಟ್ಟಿಯ ಮೇಲೆ ಜಿಪ್ಸಂ ಮತ್ತು ವರ್ಮಿಕ್ಯುಲೈಟ್ ಎಂಬ ಹಗುರ ಖನಿಜ ಸೇರಿದ ದಪ್ಪ ಗಾರೆಯನ್ನು ಹಚ್ಚುವುದುಂಟು. ಕೆನಡಾದಲ್ಲಿ ಹೀಗೆ ಪಟ್ಟಿ ಸುತ್ತಿ ಮೇಲೆ ಗಾರೆ ಹಚ್ಚಿದ ಪೂರ್ಣ ಗಾತ್ರದ ಕಂಬಗಳು ನಾಲ್ಕು ಗಂಟೆಗೂ ಹೆಚ್ಚು ನಿಂತಿವೆ. ಅವುಗಳಲ್ಲಿಯೂ ಪಟ್ಟಿಯ ಎಪಾಕ್ಸಿ ಬಹಳ ಮೊದಲೇ ತನ್ನ ಗಡಿ ದಾಟಿತ್ತು. ಗಾರೆಯಿಂದ ಉಳಿದದ್ದು ಪಟ್ಟಿಯಲ್ಲ, ಒಳಗಿನ ಕಂಬ.

ಕಡಲಂಚಿನ ತುಕ್ಕಿನ ಭಯದಿಂದಲೇ ನೀವು ಈ ಸರಳಿನ ಕಡೆಗೆ ಹೊರಳಿದ್ದೀರಿ, ಅದು ನ್ಯಾಯವಾದ ಭಯ. ಆದರೆ ಹಳೆಯ ಮನೆಯ ಸ್ಲ್ಯಾಬು ಹಾಳಾದದ್ದು ಕಬ್ಬಿಣ ಹಾಕಿದ್ದರಿಂದ ಎನ್ನುವುದಕ್ಕಿಂತ, ಆ ಕಾಲದ ನಮ್ಮ ಕಟ್ಟಡಗಳಲ್ಲಿ ನಾನು ಹೆಚ್ಚಾಗಿ ಕಂಡಿರುವಂತೆ, ಹತ್ತು ಮಿಮೀ ಕವರ್, ಲೆಕ್ಕವಿಲ್ಲದ ನೀರು, ನಾಲ್ಕೇ ದಿನದ ಕ್ಯೂರಿಂಗ್ ಇವುಗಳಿಂದ ಎನ್ನುವುದು ಸತ್ಯಕ್ಕೆ ಹತ್ತಿರ. ಐಎಸ್ 456 ಕಡಲತೀರದ ಹವೆಗೆ ತೆರೆದುಕೊಂಡ ಕಾಂಕ್ರೀಟನ್ನು ತೀವ್ರ ಪರಿಸರವೆಂದು ಎಣಿಸಿ, ಕನಿಷ್ಠ ಎಂ30 ದರ್ಜೆ, 45 ಮಿಮೀ ಕವರ್, ಸಿಮೆಂಟಿನ ತೂಕದ 0.45ರಷ್ಟನ್ನು ಮೀರದ ನೀರನ್ನು ಕೇಳುತ್ತದೆ. ಉಪ್ಪುಗಾಳಿಯಿಂದ ಮರೆಯಲ್ಲಿರುವ ಒಳಭಾಗಕ್ಕೆ 30 ಮಿಮೀ ಕವರ್ ಸಾಕಾಗುತ್ತದೆ. ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಅಥವಾ ಹಾರುಬೂದಿ ಬೆರೆತ ಸಿಮೆಂಟು ಉಪ್ಪಿನ ಒಳನುಗ್ಗುವಿಕೆಯನ್ನು ಇನ್ನಷ್ಟು ತಡೆಯುತ್ತದೆ. ತುಕ್ಕಿಗಾಗಿ ಹೀಗೆ ಕೊಟ್ಟ ಕವರ್ ಕಬ್ಬಿಣಕ್ಕೆ ಬೆಂಕಿಯಿಂದಲೂ ರಕ್ಷಣೆ ಕೊಡುತ್ತದೆ ಎಂಬುದು ಲಾಭದ ಮೇಲೆ ಲಾಭ.

ಗ್ಲಾಸ್ ಫೈಬರ್ ಸರಳನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಮೆಟ್ರೊ ಸುರಂಗ ಕೊರೆಯುವ ಯಂತ್ರ ಗೋಡೆಯನ್ನು ಸೀಳಿಕೊಂಡು ಹೋಗಬೇಕಾದ ಕಡೆ, ಆಸ್ಪತ್ರೆಗಳ ಎಂಆರ್‌ಐ ಕೋಣೆಯ ನೆಲದಲ್ಲಿ, ಕಡಲ ತಡೆಗೋಡೆಗಳಲ್ಲಿ ಅದು ಕಬ್ಬಿಣಕ್ಕಿಂತ ಒಳ್ಳೆಯದೆಂದು ಜಗತ್ತು ಒಪ್ಪಿದೆ. ನಿಮ್ಮ ಜಾಗದಲ್ಲಿಯೂ ಕಾಂಪೌಂಡು ಗೋಡೆಯ ಪಾಯ, ಮಣ್ಣಿನ ಮೇಲೆ ನೇರವಾಗಿ ಹಾಸುವ ಅಂಗಳದ ಕಾಂಕ್ರೀಟು, ನೀರಿನ ಸಂಪಿನ ಗೋಡೆ ಇವುಗಳಿಗೆ ಅದನ್ನು ಬಳಸುವುದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಉಪ್ಪು ನೀರಿನ ಕಾಟ ಹೆಚ್ಚು, ಬೆಂಕಿಯ ಕಾಟವಿಲ್ಲ, ತೂಕ ಕಬ್ಬಿಣದ ಕಾಲು ಭಾಗವಾದ್ದರಿಂದ ಸಾಗಿಸುವುದೂ ಸುಲಭ. ಸಂಪಿನ ವಿನ್ಯಾಸವನ್ನು ಮಾತ್ರ ಕಬ್ಬಿಣದ ಲೆಕ್ಕವನ್ನೇ ನಕಲು ಮಾಡದೆ ಆ ಸರಳಿನ ಬಿಗಿತಕ್ಕೆ ತಕ್ಕಂತೆ ಹೊಸದಾಗಿ ಮಾಡಿಸಬೇಕು.

ಅಂಗಡಿಯ ಮೇಲಿನ ಸ್ಲ್ಯಾಬು, ಬೀಮು, ಕಂಬಗಳನ್ನು ಕಬ್ಬಿಣದಲ್ಲಿಯೇ ಮಾಡಿಸಿ, ಪ್ಲೈವುಡ್ಡಿನ ವ್ಯಾಪಾರಿಯೇ ಬರುವುದು ಖಚಿತವಾದರೆ ಬೆಂಕಿಗೆ ಎರಡು ಗಂಟೆ ನಿಲ್ಲುವ ಲೆಕ್ಕದಲ್ಲಿ ಕವರನ್ನೂ ದಪ್ಪವನ್ನೂ ಇಡಲು ನಿಮ್ಮ ಇಂಜಿನಿಯರರಿಗೆ ಈಗಲೇ ಹೇಳಿ. ಸೆಂಟ್ರಿಂಗ್ ಮುಗಿದು ಸರಳು ಕಟ್ಟಿದ ಮೇಲೆ ಆ ಮಾತು ಹೇಳಿದರೆ ಪ್ರಯೋಜನವಿಲ್ಲ. ಅಂಗಡಿಯಿಂದ ಮೇಲಿನ ಮನೆಗೆ ಹತ್ತುವ ಮೆಟ್ಟಿಲು ಅಂಗಡಿಯ ಒಳಗಿನಿಂದ ಹಾದುಹೋಗದೆ ಹೊರಗಿನಿಂದಲೇ ಇರುವಂತೆ ನಕ್ಷೆಯಲ್ಲಿ ನೋಡಿಕೊಳ್ಳಿ. ಎಲ್ಲಿಯಾದರೂ ಗ್ಲಾಸ್ ಫೈಬರ್ ಸರಳು ಬಳಸಿದರೆ ಆ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿ ಮನೆಯ ಪತ್ರಗಳೊಡನೆ ಇಡಿ. ಮುಂದೊಮ್ಮೆ ಬೆಂಕಿ ಬಿದ್ದು ಕಟ್ಟಡವನ್ನು ಪರೀಕ್ಷಿಸಲು ಬಂದವರು ಕಾಂಕ್ರೀಟಿನ ಬಣ್ಣ ಗುಲಾಬಿಗೆ ತಿರುಗಿದೆಯೇ ಎಂದು ನೋಡಿ, ಅಂದರೆ 300 ಡಿಗ್ರಿ ದಾಟಿದೆಯೇ ಎಂದು ಅಂದಾಜು ಮಾಡಿ, ಒಳಗಿರುವುದು ಕಬ್ಬಿಣವೆಂದೇ ಲೆಕ್ಕ ಹಾಕುತ್ತಾರೆ. ತಣಿದ ಮೇಲೆ ಕಬ್ಬಿಣ ತನ್ನ ಬಲದ ಬಹುಪಾಲನ್ನು ಮರಳಿ ಪಡೆಯುತ್ತದೆ, ಸುಟ್ಟುಹೋದ ರಾಳ ಪಡೆಯುವುದಿಲ್ಲ ಎಂಬ ವ್ಯತ್ಯಾಸವನ್ನು ಆ ನಕ್ಷೆಯಿಲ್ಲದೆ ಅವರು ತಿಳಿಯಲಾರರು.